ಜಪಾನಿ ಚಿತ್ರದ ಫ್ರೆಂಚ್ ತಟ್ಟೆಗೆ ಪಾತ್ರೆ ಪುಡಿ ಬೇಡ

ಹಳೇ ಪಿಂಗಾಣಿ ತಟ್ಟೆ ಮನೆಗೆ ಬಂತು ಅಂದ ತಕ್ಷಣ ಸಿಂಕಿಗೆ ಇಳಿಸಬೇಡಿ. ಮೊದಲು ಕಿಟಕಿ ಹತ್ತಿರ ತಗೊಂಡು ಹೋಗಿ, ಓರೆಯಾಗಿ ಹಿಡಿದು, ಬೆಳಕು ಅದರ ಮೇಲೆ ಜಾರುವ ಹಾಗೆ ನೋಡಿ. ಬಿಳಿ ಭಾಗ ಒಂದೇ ಸಮ ಹೊಳೆಯುತ್ತದೆ. ಹೂವು, ಹಕ್ಕಿ, ಬಿದಿರು ಇರುವ ಕಡೆ ಹೊಳಪು ಬದಲಾಗುತ್ತದೆ. ಬೆರಳ ತುದಿಯಿಂದ ಮೆಲ್ಲಗೆ ಸವರಿ. ಹಸಿರು, ನೀಲಿ ಸ್ವಲ್ಪ ಉಬ್ಬಿರುತ್ತವೆ. ಕೆಂಪು ತೆಳ್ಳಗೆ, ಇದೆಯೋ ಇಲ್ಲವೋ ಅನ್ನುವಷ್ಟು. ಅಂಚಿನ ಚಿನ್ನ ಕೆಲವು ಕಡೆ ಸವೆದು ಕಂದು ಗೆರೆಯಷ್ಟೇ ಉಳಿದಿರಬಹುದು.

ಈ ಬಣ್ಣ ಗ್ಲೇಜಿನ, ಅಂದರೆ ಗಾಜಿನಂತೆ ಹೊಳೆಯುವ ಲೇಪದ, ಒಳಗಿಲ್ಲ, ಮೇಲೆ ಕೂತಿದೆ. ಪಿಂಗಾಣಿಗೆ ಹೆಸರಾದ ಫ್ರಾನ್ಸಿನ ಲಿಮೋಜ್ ಊರಿನ ತಟ್ಟೆ ಸುಮಾರು 1,400 ಡಿಗ್ರಿ ಶಾಖದಲ್ಲಿ ಬೆಂದಿದ್ದು. ಚಿತ್ರ ಬರೆದದ್ದು ಆಮೇಲೆ, ಅದನ್ನು ಸುಟ್ಟದ್ದು ಬರೀ 700–800 ಡಿಗ್ರಿಯಲ್ಲಿ. ಹಾಗಾಗಿ ತಟ್ಟೆ ಗಟ್ಟಿ, ಚಿತ್ರ ಸೂಕ್ಷ್ಮ. ನಾನು ಮುಂದೆ ಹೇಳುವ ಬೇಕು ಬೇಡಗಳೆಲ್ಲ ಹೆಚ್ಚುಕಮ್ಮಿ ಇದರಿಂದಲೇ ಹುಟ್ಟಿದ್ದು.

ಫ್ರಾನ್ಸಿನಲ್ಲಿರುವ ನಮ್ಮ ಹುಡುಗ ಹುಡುಗಿಯರು ಭಾನುವಾರದ ಬ್ರೊಕಾಂತ್ ಸಂತೆಯಿಂದ ಇಂಥವನ್ನು ತಂದು ನನಗೆ ತೋರಿಸುತ್ತಾರೆ. ಹಳೇ ಸಾಮಾನು ಮಾರುವ ಸಂತೆ ಅದು. ಎಲ್ಲ ಒಂದೇ ಜಾತಿ ಅಂತ ತಿಳಿದಿರುತ್ತಾರೆ. ಹಾಗಲ್ಲ. ಯಾವ ಜಾತಿ ಅಂತ ಗೊತ್ತಾಗದೆ ಹೇಗೆ ತೊಳೆಯಬೇಕು ಅಂತ ಹೇಳಲಿಕ್ಕೆ ಆಗುವುದಿಲ್ಲ.

ಎಲ್ಲಕ್ಕಿಂತ ನಾಜೂಕಿನದು ಶಾಂಟಿಯಿ. ಪ್ಯಾರಿಸ್ಸಿನ ಉತ್ತರಕ್ಕಿರುವ ಆ ಊರಿನಲ್ಲಿ 1730ರ ಸುಮಾರಿಗೆ ಕೋಂಡೆ ಮನೆತನದ ರಾಜಕುಮಾರ ಲೂಯಿ ಆನ್ರಿ ಕಾರ್ಖಾನೆ ಶುರು ಮಾಡಿಸಿದ. ಅವನಿಗೆ ಜಪಾನಿನ ಅರಿಟಾ ಊರಿನ ಕಾಕಿಯೆಮೊನ್ ಪಿಂಗಾಣಿಯ ಹುಚ್ಚು, ದೊಡ್ಡ ಸಂಗ್ರಹವೇ ಇತ್ತು. ಅದನ್ನೇ ಮುಂದಿಟ್ಟುಕೊಂಡು ಕೆಲಸಗಾರರು ಬರೆದರು. ಒಂದು ಮೂಲೆಯಲ್ಲಿ ಗೌಜಲ ಹಕ್ಕಿ, ಪಕ್ಕದಲ್ಲಿ ಕಟ್ಟಿದ ಹುಲ್ಲಿನ ಬೇಲಿ, ಉಳಿದದ್ದೆಲ್ಲ ಖಾಲಿ ಬಿಳಿ. ಆ ಖಾಲಿ ಜಾಗ ಬಿಡುವ ಧೈರ್ಯ ಇದೆಯಲ್ಲ, ನನಗೆ ಇಷ್ಟ ಅದೇ. 1735ರಲ್ಲಿ ಜಪಾನಿನ ರೀತಿಯ ಪಿಂಗಾಣಿ ಮಾಡಲಿಕ್ಕೆ ರಾಜನಿಂದ ಪರವಾನಗಿಯೂ ಸಿಕ್ಕಿತು. ಆದರೆ ಗಟ್ಟಿ ಪಿಂಗಾಣಿಗೆ ಬೇಕಾದ ಕೇಯೊಲಿನ್ ಅನ್ನುವ ಬಿಳಿ ಮಣ್ಣು ಆಗ ಫ್ರಾನ್ಸಿನವರಿಗೆ ಸಿಕ್ಕಿರಲಿಲ್ಲ. ಲಿಮೋಜ್ ಹತ್ತಿರ ಅದು ಕಂಡದ್ದು 1760ರ ದಶಕದ ಕೊನೆಗೆ. ಅದಕ್ಕೇ ಶಾಂಟಿಯಿ ಮೈ ಮೆದು. ಬಿಳಿ ಕಾಣಲಿ ಅಂತ ಮೊದಮೊದಲು ತವರ ಬೆರೆಸಿದ ಗ್ಲೇಜು ಬಳಿಯುತ್ತಿದ್ದರು. ಸ್ಟೀಲ್ ಚಮಚ ತಾಗಿದರೂ ಗೀರು ಬೀಳುತ್ತದೆ. ಬಿಸಿನೀರು ಸುರಿದರೆ ಸೀಳಿದರೂ ಸೀಳಿತು. ಇದರಲ್ಲಿ ಊಟ ಬೇಡ, ಕಪಾಟಿನಲ್ಲಿ ಇರಲಿ.

ಹಿಂಬದಿಯಲ್ಲಿ ಶಾಂಟಿಯಿ ಕಾರ್ಖಾನೆಯ ಗುರುತಾದ, ಬೇಟೆಯಲ್ಲಿ ಊದುವ ಕೊಂಬು ಕಂಡ ಮಾತ್ರಕ್ಕೆ ಶಾಂಟಿಯಿ ಸಿಕ್ಕಿತು ಅಂತ ಕುಣಿಯಬೇಡಿ. 1845ರಲ್ಲಿ ಶುರುವಾದ ಪ್ಯಾರಿಸ್ಸಿನ ಸಾಂಸೋಂ ಕಾರ್ಖಾನೆ ಹಳೇ ಪಿಂಗಾಣಿಯ ನಕಲಿಗೇ ಹೆಸರುವಾಸಿ. ಜಪಾನಿನ ಇಮಾರಿ, ಕಾಕಿಯೆಮೊನ್ ಪಿಂಗಾಣಿಯ ನಕಲು ಎಲ್ಲ ಮಾಡಿತು. ಆ ನಕಲುಗಳಿಗೂ ಈಗ ವಯಸ್ಸಾಗಿದೆ, ಒಳ್ಳೇ ಬೆಲೆಯೂ ಇದೆ. ಸುಮ್ನೆ ತಾತ್ಸಾರ ಮಾಡಬೇಡಿ, ಶಾಂಟಿಯಿ ಬೆಲೆಯನ್ನೂ ಕೊಡಬೇಡಿ.

ಸಂತೆಯಲ್ಲಿ ಜಾಸ್ತಿ ಸಿಗುವುದು 19ನೇ ಶತಮಾನದ ಕೊನೆಯ ಲಿಮೋಜ್. 1867ರ ಪ್ಯಾರಿಸ್ ವಿಶ್ವ ಪ್ರದರ್ಶನಕ್ಕೆ ಜಪಾನೂ ಬಂದಿತ್ತು. ಆಮೇಲೆ ಮನೆಮನೆಯ ಮೇಜಿನ ಮೇಲೂ ಸೇವಂತಿಗೆ, ಪ್ಲಮ್ ಕೊಂಬೆ, ಚಿಟ್ಟೆ ಬಂದವು. ಲಿಮೋಜ್‌ನ ಹ್ಯಾವಿಲೆಂಡ್ ಕಂಪನಿಯ ತಟ್ಟೆಯ ಹಿಂದೆ ಎರಡು ಗುರುತು ಇರುವುದುಂಟು. ಹಸಿರು ಗುರುತು ಗ್ಲೇಜಿನ ಕೆಳಗೆ, ಅದು ಬಿಳಿ ತಟ್ಟೆ ಮಾಡಿದವರದ್ದು. ಕೆಂಪು ಗುರುತು ಗ್ಲೇಜಿನ ಮೇಲೆ, ಅದು ಚಿತ್ರ ಹಾಕಿದವರದ್ದು. ಜೊತೆಗೆ ಫ್ರಾನ್ಸ್ ಅನ್ನುವ ಹೆಸರೂ ಇದ್ದರೆ ಸಾಮಾನ್ಯವಾಗಿ 1890ರ ಆಸುಪಾಸಿನದು ಅಥವಾ ಆಮೇಲಿನದು. ಆಮದು ಸಾಮಾನಿನ ಮೇಲೆ ದೇಶದ ಹೆಸರು ಇರಲೇಬೇಕು ಅಂತ ಅಮೆರಿಕ ಆ ಹೊತ್ತಿಗೆ ಕಾನೂನು ತಂದಿತ್ತು.

ಇನ್ನೊಂದು ಗೊಂದಲ ಇದೆ. ಜಪಾನಿ ಚಿತ್ರದ ಫ್ರೆಂಚ್ ತಟ್ಟೆ ಅಂದರೆ ಎಲ್ಲರೂ 1866ರಲ್ಲಿ ಚಿತ್ರಕಾರ ಫೆಲಿಕ್ಸ್ ಬ್ರಾಕ್‌ಮೋಂ ರೂಸೋ ಅನ್ನುವ ವ್ಯಾಪಾರಿಗೆ ಬಿಡಿಸಿಕೊಟ್ಟ ರೂಸೋ ಸೆಟ್ಟಿನ ಹೆಸರೇ ಹೇಳುತ್ತಾರೆ. ಜಪಾನಿನ ಚಿತ್ರಕಾರ ಹೊಕುಸಾಯ್ ಬರೆದ ಹಕ್ಕಿ, ಮೀನು ನೋಡಿಕೊಂಡು ಮಾಡಿದ್ದು, ಬಹಳ ಚೆಂದ. ಆದರೆ ಅದು ಪಿಂಗಾಣಿಯೇ ಅಲ್ಲ, ಫಯೆನ್ಸ್ ಅನ್ನುವ ಮಣ್ಣಿನ ಸಾಮಾನು! ಪರೀಕ್ಷೆ ಸುಲಭ. ತಟ್ಟೆ ಹಿಂದೆ ಟಾರ್ಚ್ ಹಿಡಿದು, ಟಾರ್ಚಿಗೂ ತಟ್ಟೆಗೂ ನಡುವೆ ಬೆರಳು ಆಡಿಸಿ. ಲಿಮೋಜ್ ಆದರೆ ಬೆಳಕು ಹಾದು ಬಂದು ಬೆರಳಿನ ನೆರಳು ಕಾಣುತ್ತದೆ, ಫಯೆನ್ಸ್ ಆದರೆ ಕತ್ತಲೆ. ಫಯೆನ್ಸ್ ಮೈ ನೀರು ಹೀರುತ್ತದೆ. ಗ್ಲೇಜಿನಲ್ಲಿ ಜೇಡನ ಬಲೆ ಥರ ಬಿರುಕಿದ್ದರೆ ಅರಿಶಿನದ ನೀರು ಒಳಗೆ ಇಳಿದು ಕೂರುತ್ತದೆ, ಮತ್ತೆ ಹೋಗುವುದಿಲ್ಲ.

ಈಗ ತೊಳೆಯುವ ವಿಷಯ. ಬಳೆ, ಉಂಗುರ ತೆಗೆದಿಡಿ. ಕಲ್ಲಿನ ಸಿಂಕ್ ಬೇಡ. ಪ್ಲಾಸ್ಟಿಕ್ ಟಬ್ಬಿನ ತಳಕ್ಕೆ ಹಳೇ ಟವೆಲ್ ಹಾಸಿ, ಕೈಗೆ ಹಿತವಾಗುವಷ್ಟು ಬೆಚ್ಚಗಿನ ನೀರು, ಒಂದೆರಡು ಹನಿ ಮೆದು ಸೋಪು. ಒಂದು ಸಲಕ್ಕೆ ಒಂದೇ ತಟ್ಟೆ. ಚಿತ್ರದ ಮೇಲೆ ಹತ್ತಿ ಬಟ್ಟೆ ಆಡಿಸಿ, ಉಜ್ಜಬೇಡಿ. ಪಾತ್ರೆ ಪುಡಿ, ತೆಂಗಿನ ನಾರು, ಸ್ಟೀಲ್ ಜುಂಗು ಆ ದಿಕ್ಕಿಗೇ ಬರಬಾರದು. ಹಿತ್ತಾಳೆಗೆ ಹುಣಸೆಹಣ್ಣು ಹಾಕಿದ ಕೈ ಇಲ್ಲಿಯೂ ಅದನ್ನೇ ಹುಡುಕುತ್ತದೆ, ಅಲ್ವಾ? ಬೇಡ, ಹುಳಿ ಬಣ್ಣವನ್ನು ತಿನ್ನುತ್ತದೆ. ಡಿಶ್‌ವಾಷರ್ ಅಂತೂ ಬೇಡವೇ ಬೇಡ. ಅದರ ಕ್ಷಾರದ ಸೋಪು, ಶಾಖ ಎರಡೂ ಸೇರಿ ಕೆಲವೇ ತಿಂಗಳಲ್ಲಿ ಬಣ್ಣ ಮಂಕು ಮಾಡಿ ಚಿನ್ನ ಎಬ್ಬಿಸುತ್ತವೆ. ಮೈಕ್ರೊವೇವ್‌ನಲ್ಲಿ ಚಿನ್ನದ ಅಂಚು ಕಿಡಿ ಹಾರಿಸುತ್ತದೆ.

ಲಿಮೋಜ್ ಕಪ್ಪಿನ ಒಳಗೆ ಚಹಾ ಕಲೆ ಕೂತಿದ್ದರೆ ಅಡಿಗೆ ಸೋಡಾ ನೀರಲ್ಲಿ ಕಲಸಿ, ಒದ್ದೆ ಹತ್ತಿಯಿಂದ ಮೆಲ್ಲಗೆ ಒರೆಸಿ. ಬರೀ ಬಿಳಿ ಭಾಗಕ್ಕೆ ಮಾತ್ರ. ಶಾಂಟಿಯಿಗೆ, ಬಿರುಕು ಬಿಟ್ಟ ಫಯೆನ್ಸಿಗೆ ಇದೂ ಬೇಡ, ಕಲೆ ಇದ್ದರೆ ಇರಲಿ. ಬ್ಲೀಚ್ ಯಾವುದಕ್ಕೂ ಹಾಕಬೇಡಿ. ಹಿಂಬದಿಯಲ್ಲಿ ತಂತಿ ಪಿನ್ನಿನ ಹೊಲಿಗೆ ಕಂಡರೆ ಅದು ಹಿಂದಿನವರ ರಿಪೇರಿ. ನೆನೆಸಿದರೆ ತುಕ್ಕು ಹಿಡಿದು ಕಲೆ ಬಿಡುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಟ್ಟುಬಿಡಿ.

ಊಟಕ್ಕೆ ಬಳಸಬಹುದಾ ಅಂತ ಕೇಳುತ್ತಾರೆ. ಹಳೇ ಮೇಲ್ಬಣ್ಣಗಳಲ್ಲಿ ಸೀಸ ಇರುತ್ತದೆ, ಹುಳಿ ತಾಗಿದರೆ ಅದು ಬಿಡುತ್ತದೆ. ಸಾರು, ಮೊಸರು, ಉಪ್ಪಿನಕಾಯಿ, ನಿಂಬೆಹಣ್ಣಿನ ಚಿತ್ರಾನ್ನ ಇವಕ್ಕೆ ಬೇರೆ ತಟ್ಟೆ ಇಡಿ. ಬಂದವರಿಗೆ ಒಂದೆರಡು ಬಿಸ್ಕತ್ತು, ಒಣ ಕೋಡುಬಳೆ ಇಟ್ಟುಕೊಡಿ, ಸಾಕು. ಮಕ್ಕಳಿಗೆ ಇದರಲ್ಲಿ ದಿನಾ ಬಡಿಸುವ ಮಾತೇ ಬೇಡ.

ಜೋಡಿಸುವಾಗ ಮೇಲಿನ ತಟ್ಟೆಯ ಪಾದ ಕೆಳಗಿನ ಹಕ್ಕಿಯ ಮೇಲೇ ಕೂರುತ್ತದೆ. ಪಾದದ ಆ ಉಂಗುರಕ್ಕೆ ಗ್ಲೇಜು ಇರುವುದಿಲ್ಲ, ಒರಟು. ನಡುವೆ ಮೆತ್ತನೆ ಬಟ್ಟೆ ಅಥವಾ ದಪ್ಪ ಬಿಳಿ ಕಾಗದ ಇಡಿ. ನ್ಯೂಸ್ ಪೇಪರ್ ಶಾಯಿ ಬಿಡುತ್ತದೆ. ಕಪ್ಪುಗಳನ್ನು ಒಂದರೊಳಗೊಂದು ಸೇರಿಸಬೇಡಿ, ಹಿಡಿ ಹಿಡಿದು ಎತ್ತಬೇಡಿ, ಕೊಕ್ಕೆಗೆ ನೇತುಹಾಕಬೇಡಿ.

ಒಡೆದರೆ? ಫೆವಿಕ್ವಿಕ್ ಕಡೆ ಕೈ ಹೋಗುವುದು ಸಹಜ. ಸ್ವಲ್ಪ ತಡೆಯಿರಿ. ಒಂದು ಸಲ ಓರೆಯಾಗಿ ಅಂಟಿದರೆ ಬಿಡಿಸುವುದೇ ಆಮೇಲಿನ ದೊಡ್ಡ ಕೆಲಸ. ರಿಪೇರಿ ಬಲ್ಲವರು ಬೇಕೆಂದಾಗ ಕರಗಿಸಿ ತೆಗೆಯಬಹುದಾದ ಅಂಟನ್ನೇ ಬಳಸುತ್ತಾರೆ. ಚೂರುಗಳು ಸರಿಯಾಗಿ ಕೂರುತ್ತವಾ ಅಂತ ಸೇರಿಸಿ ಸೇರಿಸಿ ನೋಡಬೇಡಿ, ಪ್ರತಿ ಸಲ ಅಂಚು ಒಂದಿಷ್ಟು ಉದುರುತ್ತದೆ. ಸಾಸಿವೆಯಷ್ಟು ಚಿಕ್ಕ ಚೂರನ್ನೂ ಬಿಡದೆ ಆರಿಸಿ, ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿ ಒಂದೇ ಡಬ್ಬಿಗೆ ಹಾಕಿ, ಮೇಲೆ ಯಾವ ತಟ್ಟೆಯದು ಅಂತ ಬರೆದಿಟ್ಟುಕೊಂಡು ರಿಪೇರಿಯವರ ಹತ್ತಿರ ಒಯ್ಯಿರಿ.