ಬುಡ ನೋಡದೆ ಬುಟ್ಟಿಗೆ ಹಾಕಬೇಡಿ

ಕಾಡಣಬೆ ಹುಡುಕಲು ಹೊರಟವರೆಲ್ಲ ಮೊದಲು ಕೇಳುವುದು ‘ಯಾವುದನ್ನು ತಿನ್ನಬಹುದು?’ ಎಂದು. ನನ್ನನ್ನು ಕೇಳಿದರೆ, ಕೊಲ್ಲುವ ಅಣಬೆ ಯಾವುದೆಂದು ಮೊದಲು ಕಲಿಯಬೇಕು. ಸಾವಿರಾರು ಬಗೆಗಳಲ್ಲಿ ಪ್ರಾಣ ತೆಗೆಯುವಂಥವು ಕಡಿಮೆ. ಅವುಗಳ ಮುಖಪರಿಚಯ ಆಗುವವರೆಗೂ ಬರಿಗೈಯಲ್ಲಿ ಮನೆಗೆ ಬರಲು ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಡೆತ್ ಕ್ಯಾಪ್ ಅಣಬೆಯಿಂದಲೇ ಪಾಠ ಶುರುವಾಗಲಿ. ಕೊಡೆ ಹಳದಿ ಬೆರೆತ ಮಾಸಲು ಹಸಿರು, ಕೆಲವೊಮ್ಮೆ ಪೂರ್ತಿ ಬಿಳಿ. ಕೊಡೆಯಡಿಯ ಎಸಳುಗಳು ಬಿಳಿ. ಕಾಂಡಕ್ಕೆ ಲಂಗದಂಥ ಉಂಗುರ. ಮುಖ್ಯ ಗುರುತು ಮಾತ್ರ ಮಣ್ಣಿನೊಳಗಿರುತ್ತದೆ: ಒಡೆದ ಮೊಟ್ಟೆಚಿಪ್ಪಿನಂತೆ ಬುಡವನ್ನು ಸುತ್ತಿಕೊಂಡ ಚೀಲ. ಮೇಲಿನಿಂದ ಚಿವುಟಿದರೆ ಅದು ಅಲ್ಲೇ ಉಳಿದುಬಿಡುತ್ತದೆ, ನೀವು ನೋಡಬೇಕಿದ್ದ ಸಾಕ್ಷಿಯನ್ನೇ ಬಿಟ್ಟು ಬಂದಿರುತ್ತೀರಿ. ಆದ್ದರಿಂದ ಗುರುತು ಸಿಗದ ಅಣಬೆಯನ್ನು ಸಣ್ಣ ಚಾಕುವಿನಿಂದ ಸುತ್ತಲಿನ ಮಣ್ಣು ಸಡಿಲಿಸಿ, ಬುಡಸಮೇತ ಎತ್ತಬೇಕು.

ಇದರ ವಿಷವಾದ ಅಮಾಟಾಕ್ಸಿನ್ ಕುದಿಸಿದರೂ ಹೋಗದು, ಒಣಗಿಸಿದರೂ ಹೋಗದು. ತಿಂದು ಬದುಕಿದವರು ರುಚಿಯಾಗಿತ್ತು ಎಂದೇ ಹೇಳಿದ್ದಾರೆ. ವಾಂತಿಭೇದಿ ಶುರುವಾಗಲು ಸಾಮಾನ್ಯವಾಗಿ 6ರಿಂದ 12 ಗಂಟೆ ಬೇಕು. ಒಂದೆರಡು ದಿನದಲ್ಲಿ ಎಲ್ಲ ಶಮನವಾದಂತೆ ಕಾಣುತ್ತದೆ, ಒಳಗೆ ಯಕೃತ್ತು ಹಾಳಾಗುತ್ತಿರುತ್ತದೆ. ಬೆಳ್ಳಿ ಚಮಚ ಕಪ್ಪಾದರೆ ವಿಷ, ಹುಳ ತಿಂದಿದ್ದರೆ ಒಳ್ಳೆಯದು, ಸಿಪ್ಪೆ ಸುಲಿದು ಬಂದರೆ ತಿನ್ನಬಹುದು ಎಂಬ ಮಾತುಗಳಿವೆಯಲ್ಲ, ಒಂದನ್ನೂ ನಂಬಬೇಡಿ. ಬಸವನಹುಳುವಿಗೆ ಏನೂ ಮಾಡದ ಅಣಬೆ ಮನುಷ್ಯನನ್ನು ಕೊಲ್ಲಬಲ್ಲದು.

ಕಿತ್ತು ತಂದ ಮೇಲೆ ಬೀಜಕದ, ಅಂದರೆ ಎಸಳುಗಳಿಂದ ಉದುರುವ ಬೀಜದಂಥ ಪುಡಿಯ, ಅಚ್ಚು ತೆಗೆಯಿರಿ. ಈ ಕಲಿಕೆಯಲ್ಲಿ ನನಗೆ ತುಂಬ ಇಷ್ಟವಾದ ಘಟ್ಟ ಇದು. ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲೆ, ಕಾಂಡ ಕತ್ತರಿಸಿದ ಕೊಡೆಯನ್ನು ಎಸಳು ಕೆಳಗಾಗುವಂತೆ ಇಟ್ಟು, ಲೋಟ ಕವುಚಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಲೋಟ ಎತ್ತಿದರೆ ಎಸಳುಗಳ ಗೆರೆಗೆರೆಯಾದ ಚಿತ್ತಾರ, ಪುಡಿಯಲ್ಲಿ ಮೂಡಿರುತ್ತದೆ. ಅದರ ಬಣ್ಣ ಬಹಳಷ್ಟು ಹೇಳುತ್ತದೆ. ಏಷ್ಯಾದಲ್ಲಿ ಬೆಳೆದು ತಿನ್ನುವ ಭತ್ತದ ಹುಲ್ಲಿನ ಅಣಬೆಗೂ ಬುಡದಲ್ಲಿ ಚೀಲವಿದೆ, ಆದರೆ ಅದರ ಅಚ್ಚು ನಸುಗೆಂಪು. ಡೆತ್ ಕ್ಯಾಪ್‌ನದು ಬಿಳಿ. ಏಷ್ಯಾದಿಂದ ಅಮೆರಿಕ, ಆಸ್ಟ್ರೇಲಿಯಾಗಳಿಗೆ ಹೋದವರು ಇವೆರಡನ್ನು ಅದಲುಬದಲು ಮಾಡಿಕೊಂಡು ಸತ್ತದ್ದುಂಟು. ಒಂದು ನೆಲದಲ್ಲಿ ಕಲಿತ ಕಣ್ಣು ಇನ್ನೊಂದು ನೆಲದಲ್ಲಿ ಮೋಸ ಹೋಗುತ್ತದೆ. ಹುಲ್ಲುಹಾಸಿನಲ್ಲಿ ಏಳುವ ದೊಡ್ಡ ಬಿಳಿಕೊಡೆಯೊಂದು ಹಸಿರು ಅಚ್ಚು ಬಿಟ್ಟರೆ ಎಸೆದುಬಿಡಿ, ಹೊಟ್ಟೆ ಕೆಡಿಸುವುದರಲ್ಲಿ ಅದು ಕುಖ್ಯಾತ. ಹಾಗೆಂದು ಬಿಳಿ ಅಚ್ಚೆಲ್ಲ ವಿಷವಲ್ಲ. ಅಚ್ಚು ಒಂದು ಸಾಕ್ಷಿ ಮಾತ್ರ. ಬುಡ, ಎಸಳು, ಉಂಗುರ, ವಾಸನೆ, ಬೆಳೆದ ಜಾಗ ಎಲ್ಲವೂ ಒಂದೇ ಮಾತು ಹೇಳಬೇಕು.

ಉಂಡೆಯಾಕಾರದ ಬಿಳಿ ಅಣಬೆ ಸಿಕ್ಕರೆ ನೆತ್ತಿಯಿಂದ ಬುಡಕ್ಕೆ ಉದ್ದಕ್ಕೂ ಸೀಳಿ. ಒಳಗೆ ಕೊಡೆಯ ಆಕಾರದ ಗೆರೆ ಕಂಡರೆ, ಅದು ಇನ್ನೂ ಅರಳದ ಡೆತ್ ಕ್ಯಾಪ್ ಬಳಗದ ಮೊಗ್ಗು ಇರಬಹುದು.

ಮೊದಲ ಮಳೆಗಾಲಕ್ಕೆ ಒಂದೇ ಜಾತಿ ಸಾಕು. ಅದರ ಮೊಗ್ಗು, ಹರೆಯ, ಮುಪ್ಪು, ಮಳೆಯಲ್ಲಿ ನೆನೆದ ರೂಪ, ಬಿಸಿಲಿಗೆ ಬಾಡಿದ ರೂಪ ಎಲ್ಲವನ್ನೂ ನೋಡಿ, ಬಲ್ಲವರಿಗೆ ಕೈಯಲ್ಲಿ ಕೊಟ್ಟು ತೋರಿಸಿ. ಫೋಟೋ ನೋಡಿ ಹೆಸರು ಹೇಳುವ ಆ್ಯಪ್‌ಗಳು ಹುಡುಕಾಟಕ್ಕೆ ದಾರಿ ತೋರಿಸಿಯಾವು, ತಿನ್ನಲು ಅನುಮತಿ ಕೊಡಲಾರವು. ಅವುಗಳಿಗೆ ಮಣ್ಣಿನೊಳಗಿನ ಬುಡ ಕಾಣುವುದಿಲ್ಲ.

ಕೀಳುವಾಗ ರಸ್ತೆಬದಿ, ಕಾರ್ಖಾನೆ ಸುತ್ತಮುತ್ತ ಬೇಡ. ಅಣಬೆಗಳು ಭಾರಲೋಹಗಳನ್ನು ಹೀರಿಕೊಳ್ಳುತ್ತವೆ. ಪ್ಲಾಸ್ಟಿಕ್ ಚೀಲದಲ್ಲಿ ಬೆವತು ಕೊಳೆಯುತ್ತವೆ, ಬುಟ್ಟಿಯೇ ಸರಿ. ಸಂಶಯದ್ದನ್ನು ಬೇರೆ ಕಾಗದದಲ್ಲಿ ಸುತ್ತಿ.

ಇನ್ನು ಅಡುಗೆ. ಹಸಿಯಾಗಿ ತಿನ್ನಬೇಡಿ. ಅಣಬೆಯ ಜೀವಕೋಶದ ಗೋಡೆ ಕೈಟಿನ್ ಎಂಬ ಗಡಸು ವಸ್ತುವಿನಿಂದ ಆದದ್ದು, ಬೇಯದೆ ಸುಲಭಕ್ಕೆ ಜೀರ್ಣವಾಗದು. ಕೆಲವು ಉತ್ತಮ ಜಾತಿಗಳೂ ಹಸಿಯಾಗಿದ್ದರೆ ಹೊಟ್ಟೆ ಕೆಡಿಸುತ್ತವೆ. ಮಣ್ಣು ಒರೆಸಿ, ಹೆಚ್ಚಿ, ಮೊದಲು ಎಣ್ಣೆಯಿಲ್ಲದ ಅಗಲ ಬಾಣಲೆಗೆ ಹಾಕಿ. ಅಣಬೆಯ ತೂಕದಲ್ಲಿ ಸುಮಾರು ಶೇ 90 ನೀರೇ, ಆ ನೀರು ಹೊರಬಂದು ಗುಳುಗುಳು ಕುದಿದು ಇಂಗಲಿ. ಆಮೇಲೆ ಎಣ್ಣೆ, ಅಂಚು ಕೆಂಪಗಾದ ಮೇಲೆ ಉಪ್ಪು. ಎಣ್ಣೆಯನ್ನು ಮೊದಲೇ ಸುರಿದರೆ ಸ್ಪಂಜಿನಂತೆ ಕುಡಿದು ಮೆತ್ತಗಾಗುತ್ತವೆ.

ಮೊದಲ ಸಲ ಒಂದೆರಡು ತುತ್ತು ಸಾಕು, ಒಂದೇ ಜಾತಿ, ಮದ್ಯವಿಲ್ಲದೆ. ಕೆಲವು ಅಣಬೆಗಳು ಮದ್ಯದ ಜೊತೆ ಸೇರಿದರೆ ಮಾತ್ರ ತೊಂದರೆ ಕೊಡುತ್ತವೆ. ಮಕ್ಕಳ ತಟ್ಟೆಗೆ ಬೇಡ. ಬೇಯಿಸುವ ಮೊದಲು ಒಂದು ಇಡೀ ಅಣಬೆಯನ್ನು, ಬುಡದ ಸಮೇತ, ಕಾಗದದಲ್ಲಿ ಸುತ್ತಿ ಫ್ರಿಜ್‌ನಲ್ಲಿಟ್ಟಿರಿ. ತಡವಾಗಿ ವಾಂತಿ ಶುರುವಾದರೆ, ಕಡಿಮೆಯಾಯಿತು ಅನ್ನಿಸಿದರೂ, ಆ ಪೊಟ್ಟಣ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ.