ಮೆದುಳು ಏನ್ ಮಾಡುತ್ತೆ ಅಂತ ಮಕ್ಕಳಿಗೆ ತೋರಿಸೋಕೆ ಒಂದು ಚುಕ್ಕಿ ಸಾಕು

ಮೆದುಳಿನ ಬಗ್ಗೆ ಮಕ್ಕಳು ಕೇಳಿದ್ರೆ ಚಿತ್ರ ಗಿತ್ರ ತೋರಿಸೋಕ್ಕಿಂತ ಮುಂಚೆ ಇದನ್ನ ಮಾಡಿಸಿ: ಬಿಳಿ ಹಾಳೆ ಮೇಲೆ ಎಡಗಡೆ ಒಂದು ಪ್ಲಸ್ ಗುರುತು, ಅದರಿಂದ 8 ಸೆಂ.ಮೀ. ಬಲಕ್ಕೆ ಪೆನ್ಸಿಲ್ ದಪ್ಪದಷ್ಟು ಕಪ್ಪು ಚುಕ್ಕಿ, ಎಡಗಣ್ಣನ್ನ ಅಂಗೈಲಿ ಮುಚ್ಕೊಂಡು ಬಲಗಣ್ಣಲ್ಲಿ ಪ್ಲಸ್ ಒಂದನ್ನೇ ನೋಡ್ತಾ ಹಾಳೆನ ಕೈ ಚಾಚಿದಷ್ಟು ದೂರದಿಂದ ನಿಧಾನಕ್ಕೆ ಮುಖದ ಹತ್ರ ತರ್ಬೇಕು, ಹೆಚ್ಚೂಕಮ್ಮಿ 30 ಸೆಂ.ಮೀ. ಹತ್ರ ಬಂದಾಗ ಚುಕ್ಕಿ ಮಾಯ, ಇನ್ನೂ ಹತ್ರ ತಂದ್ರೆ ಮತ್ತೆ ಹಾಜರ್. ಕಣ್ಣಿನ ಹಿಂದೆ ನರ ಹೊರಗೆ ಹೋಗೋ ಜಾಗದಲ್ಲಿ ಬೆಳಕು ಹಿಡಿಯೋ ಕೋಶಗಳೇ ಇಲ್ಲ, ಹಾಗಾಗಿ ಅಲ್ಲಿಂದ ಮೆದುಳಿಗೆ ಸುದ್ದಿನೇ ಹೋಗಲ್ಲ, ಆದ್ರೂ ಅಲ್ಲಿ ತೂತು ಕಾಣಲ್ಲ ನೋಡಿ, ಸುತ್ತ ಏನಿದೆಯೋ ಅದನ್ನೇ ಹಚ್ಚಿ ಮೆದುಳು ತೇಪೆ ಹಾಕ್ಬಿಡುತ್ತೆ. ಹಳದಿ ಹಾಳೆಲಿ ಮಾಡಿದ್ರೆ ಆ ಜಾಗನೂ ಹಳದಿನೇ. ಚುಕ್ಕಿ ಮಧ್ಯದಲ್ಲಿ ಹಾದು ಎರಡೂ ಕಡೆ ಹೋಗೋ ಹಾಗೆ ಒಂದು ಉದ್ದ ಗೆರೆ ಎಳೆದು ನೋಡಿ, ಚುಕ್ಕಿ ಹೋಗುತ್ತೆ, ಗೆರೆ ಮಾತ್ರ ತುಂಡಾಗದೆ ಕಾಣುತ್ತೆ, ನನ್ ಪ್ರಕಾರ ಅಸಲಿ ಮಜಾ ಇದೇ, ಯಾಕಂದ್ರೆ ಕಣ್ಣಿಗೆ ಸಿಗದೇ ಇರೋ ಗೆರೆ ತುಂಡನ್ನ ಮೆದುಳು ತಾನೇ ಬರೆದಿರುತ್ತೆ. ಕಣ್ಣು ಚುಕ್ಕಿ ಕಡೆ ಜಾರಿದ್ರೆ ಕೆಲಸ ಮಾಡಲ್ಲ, ಚಿಕ್ಕ ಮಕ್ಕಳು ಇಲ್ಲೇ ಎಡವೋದು, ಪದೇ ಪದೇ ಚುಕ್ಕಿ ಹೋಯ್ತಾ ಅಂತ ಚೆಕ್ ಮಾಡ್ತಾರೆ, ಹಾಳೆನ ನೀವೇ ಹಿಡ್ಕೊಂಡು ಅವರ ಬೆರಳನ್ನ ಪ್ಲಸ್ ಪಕ್ಕ ಇಡಿಸಿ. ಎರಡೂ ಕಣ್ಣು ಬಿಟ್ಟಿದ್ರೂ ಆಗಲ್ಲ, ಒಂದಕ್ಕೆ ಕಾಣದ ಜಾಗ ಇನ್ನೊಂದಕ್ಕೆ ಕಾಣುತ್ತಲ್ಲ. ಎಡಗಣ್ಣಲ್ಲಿ ಮಾಡ್ಬೇಕಂದ್ರೆ ಹಾಳೆ ತಲೆಕೆಳಗು ಮಾಡಿದ್ರಾಯ್ತು.