ಗೋಡೆ ಕೌದಿಯಲ್ಲಿ ಕೆಂಪು ಬಣ್ಣ ಹರಡಿದ್ದಕ್ಕೆ ಕಂಡುಕೊಂಡ ಪರಿಹಾರ

ಅಜ್ಜಿ ಮನೆಯ ಅಂಗಳ, ತುಳಸಿಕಟ್ಟೆ, ಎತ್ತಿನ ಗಾಡಿ ಇವನ್ನೆಲ್ಲ ಹಳೆ ಸೀರೆ ತುಂಡುಗಳಲ್ಲಿ ಕೂರಿಸಿ ಮಾಡಿದ ಗೋಡೆ ಕೌದಿಯನ್ನು ತೊಳೆದಾಗ ತುಳಸಿಕಟ್ಟೆಯ ಕೆಂಪು ಪಕ್ಕದ ಬಿಳಿಗೆ ಹತ್ತಿತು.

ಇದಕ್ಕೆ ಮದ್ದು ಹೊಲಿಯುವ ಮುಂಚೆಯೇ ಆಗಬೇಕು. ಒದ್ದೆ ಬಿಳಿ ಬಟ್ಟೆಯಿಂದ ಪ್ರತಿ ತುಂಡನ್ನೂ ಉಜ್ಜಿ ನೋಡಿ. ಬಣ್ಣ ಬಿಟ್ಟರೆ ಅದನ್ನು ಬೇರೆಯಾಗಿ, ನೀರು ತಿಳಿಯಾಗುವವರೆಗೂ ತೊಳೆಯಿರಿ. ಉಪ್ಪು, ವಿನೆಗರ್ ನಂಬಬೇಡಿ, ಬಣ್ಣ ಬಿಡುವ ಹತ್ತಿ ಬಟ್ಟೆಗೆ ಅವು ಉಪಯೋಗವಿಲ್ಲ. ಮುಂಬೈ ಮಳೆಗಾಲದಲ್ಲಿ ದಪ್ಪ ಕೌದಿ ಬೇಗ ಒಣಗದು. ಒದ್ದೆ ಪದರಗಳು ಗಂಟೆಗಟ್ಟಲೆ ಅಂಟಿಕೊಂಡಿದ್ದಷ್ಟೂ ಬಣ್ಣ ಹರಿಯುತ್ತದೆ. ಹಿಂಡಿ ಗುಡ್ಡೆ ಹಾಕದೆ, ಒಣ ಟವೆಲ್‌ನಲ್ಲಿ ಸುತ್ತಿ ಒತ್ತಿ, ಫ್ಯಾನ್ ಕೆಳಗೆ ಹರಡಿ.

ನಡುವೆ ಬಟ್ಟೆ ಉಬ್ಬುವುದು ಬೇರೆ ಕಥೆ. ಅಂಚಿನಿಂದ ಹೊಲಿಯುತ್ತ ಬಂದರೆ ಸಡಿಲವೆಲ್ಲ ನಡುವೆ ಸೇರುತ್ತದೆ. ಪದರಗಳನ್ನು ನೆಲಕ್ಕೆ ಹಾಸಿ, ನಡುವಿನಿಂದ ಹೊರಕ್ಕೆ 4 ಇಂಚಿಗೊಂದು ಸಾಲು ಕಚ್ಚಾ ಹೊಲಿಗೆ (ಆಮೇಲೆ ಬಿಚ್ಚುವ ದೊಡ್ಡ ಹೊಲಿಗೆ) ಹಾಕಿದ ಮೇಲೆ ಉಬ್ಬುವುದು ನಿಂತಿತು.

ಸವೆದ ಇಳಕಲ್ ತುಂಡಿನ ಹಿಂದೆ ಆಸರೆಗೆ ಮಲ್ಮಲ್ (ತೆಳು ಹತ್ತಿ ಬಟ್ಟೆ) ಕೊಡಿ. ಮುಂಬೈನ ಮಂಗಳದಾಸ್ ಬಟ್ಟೆ ಮಾರ್ಕೆಟ್‌ನಲ್ಲಿ ಸಿಗುತ್ತದೆ. ಮೊದಲು ನೆನೆಸಿ ಒಣಗಿಸಿ. ಇಲ್ಲದಿದ್ದರೆ ಮುಂದಿನ ಒಗೆತದಲ್ಲಿ ಅದು ಕುಗ್ಗಿ, ಮೇಲಿನ ಸೀರೆ ಸುಕ್ಕುಗಟ್ಟುತ್ತದೆ.